ಭರಮಪ್ಪ ಪೈಲವಾನನ ಗಾಡಿ ನಾನು

ನಾನು ಒಂದು ಫಟಫಟಿ. ಕಾಗದದಲ್ಲಿ ಮೋಟಾರ್ ಸೈಕಲ್ ಎಂದು ಬರೆದಿದೆ. ಆದರೆ ಗುಳೇದಗುಡ್ಡದಲ್ಲಿ ಯಾರೂ ನನ್ನನ್ನು ಹಾಗೆ ಕರೆದದ್ದು ನೆನಪಿಲ್ಲ. ಹುಟ್ಟಿದ್ದು ಮೈಸೂರಿನ ಕಾರ್ಖಾನೆಯಲ್ಲಿ. ಒಬ್ಬ ಗಾಲಿ ಕೂಡಿಸಿದ, ಒಬ್ಬ ಟ್ಯಾಂಕಿಗೆ ಕೆಂಪು ಬಣ್ಣ ಹೊಡೆದ, ಇನ್ನೊಬ್ಬ ನನ್ನ ಸದ್ದಿಗೆ ಕಿವಿಗೊಟ್ಟು, ಮಗುವಿನ ಅಳು ಕೇಳಿದ ಸೂಲಗಿತ್ತಿಯ ಹಾಗೆ ತಲೆಯಾಡಿಸಿದ. ನನ್ನಲ್ಲಿ ಕಿಕ್ ಹೊಡೆಯುವುದಕ್ಕೂ ಗೇರು ಹಾಕುವುದಕ್ಕೂ ಒಂದೇ ಕೋಲು. ಮೇಲಕ್ಕೆ ತಿರುವಿದರೆ ಕಿಕ್, ಕೆಳಕ್ಕೆ ಇಳಿಸಿದರೆ ಗೇರು. ಹೊಸಬರು ಇನ್ನೊಂದು ಕೋಲು ಎಲ್ಲಿದೆ ಎಂದು ಬಗ್ಗಿ ಹುಡುಕುತ್ತಿದ್ದರು.

ಮೊದಲು ನನ್ನನ್ನು ಕೊಂಡವರು ನೀರಾವರಿ ಇಲಾಖೆಯ ಓವರ್ಸಿಯರ್ ದೇಸಾಯರು. ಒಳ್ಳೆಯವರು, ಆದರೆ ನನ್ನನ್ನು ಕಂಡರೆ ಅಂಜಿಕೆ. ದಿನಾ ಒರೆಸುವರು, ಹಚ್ಚಡ ಹೊದಿಸುವರು, ಹತ್ತುವುದು ಮಾತ್ರ ವಾರಕ್ಕೊಮ್ಮೆ. ಅಂಥ ಒಂದು ದಿನ ಎಮ್ಮೆಗೆ ದಾರಿ ಬಿಡಲು ಹೋಗಿ ನನ್ನನ್ನು ಕಾಲುವೆಗೆ ಇಳಿಸಿಬಿಟ್ಟರು. ನಾಲ್ಕು ಜನ ಕೂಲಿಯವರು ಹಗ್ಗ ಕಟ್ಟಿ ಎಳೆದರೂ ನಾನು ಅಲುಗಲಿಲ್ಲ. ಆಗ ಮೈಗೆಲ್ಲ ಗರಡಿಯ ಕೆಮ್ಮಣ್ಣು ಮೆತ್ತಿಕೊಂಡ ಒಬ್ಬ ಹುಡುಗ ಆ ದಾರಿಯಲ್ಲಿ ಬಂದ. ಕೂಲಿಯವರನ್ನು ಸರಿಯಲು ಹೇಳಿ ನೀರಿಗಿಳಿದ. ಮುಂದಿನ ಗಾಲಿ ಒಮ್ಮೆ, ಹಿಂದಿನ ಗಾಲಿ ಒಮ್ಮೆ, ಎರಡೇ ಎತ್ತಿಗೆ ನನ್ನನ್ನು ದಂಡೆಯ ಮೇಲೆ ಇಟ್ಟ. ಅಷ್ಟು ಒರಟು ಕೈ, ಆದರೂ ನನ್ನ ಒಂದು ತಂತಿಯೂ ಬಾಗಲಿಲ್ಲ. ಇದು ಹೇಗೆ ಎಂದು ನನಗೆ ಆಶ್ಚರ್ಯ. ವರ್ಗವಾಗಿ ಹೋಗುವಾಗ ದೇಸಾಯರು ನನ್ನನ್ನು ಅವನಿಗೇ ಮಾರಿದರು.

ಅವನೇ ಭರಮಪ್ಪ. ಕಸುಬಿನಿಂದ ನೇಕಾರ, ಕುಣಿಮಗ್ಗದಲ್ಲಿ ಕೂತು ಕುಬಸದ ಖಣ ನೇಯುವವನು. ಮುಂಜಾನೆ ಸಂಜೆ ಗರಡಿಯಲ್ಲಿ ಪೈಲವಾನ. ಅವನು ಕೂತರೆ ನನ್ನ ಸ್ಪ್ರಿಂಗು ನರಳುತ್ತಿತ್ತು. ಎಲ್ಲಿಯಾದರೂ ಜಗಳ ಬಿದ್ದರೆ ಅವನನ್ನು ಕರೆಯುತ್ತಿದ್ದರು. ಅವನು ಹೊಡೆದದ್ದನ್ನು ನಾನು ನೋಡಿಲ್ಲ. ನನ್ನ ಸದ್ದು ಓಣಿಯ ತುದಿಗೆ ಕೇಳಿದರೆ ಸಾಕು, ಈ ತುದಿಯಲ್ಲಿ ರಾಜಿಯಾಗಿರುತ್ತಿತ್ತು.

ನಾಗರ ಪಂಚಮಿಗೆ ನಮ್ಮ ಕಡೆ ಪಂಥ ಕಟ್ಟುವ ರೂಢಿ. ಒಬ್ಬ ಗುಂಡು ಎತ್ತುತ್ತಾನೆ, ಒಬ್ಬ ತೆಂಗಿನಕಾಯಿ ಎಸೆದು ಊರು ದಾಟಿಸುತ್ತಾನೆ. ಭರಮಪ್ಪನ ಪಂಥ ನನ್ನ ಜೊತೆ. ಗರಡಿಯ ಮುಂದಿನ ಬಯಲಲ್ಲಿ ಸುಣ್ಣದ ಗೆರೆ ಎಳೆಯುವರು. ನನ್ನ ಹಿಂದಿನ ಕ್ಯಾರಿಯರಿಗೆ ಹಗ್ಗ ಕಟ್ಟಿ ಅದರ ಇನ್ನೊಂದು ತುದಿಯನ್ನು ಅವನ ನಡುವಿಗೆ ಬಿಗಿಯುವರು. ಹಲಗಿಯವನು ಇಪ್ಪತ್ತೊಂದು ಪೆಟ್ಟು ಹಾಕುವ ತನಕ ನಾನು ಎಳೆಯಬೇಕು. ಅವನ ಕಾಲು ಗೆರೆ ದಾಟಬಾರದು. ನನ್ನನ್ನು ಓಡಿಸುವವನು ಅವನ ಗೆಳೆಯ, ಮೆಕ್ಯಾನಿಕ್ ರಾಜೇಸಾಬ. ಗರಡಿಯ ದೇವರು ಹನುಮಪ್ಪನ ಎದುರು ಭರಮಪ್ಪ ಮಾತು ಕೊಟ್ಟಿದ್ದ: ಗೆರೆ ದಾಟಿದ ವರ್ಷ ಹಗ್ಗ ಕೆಳಗಿಡುತ್ತೇನೆ, ಅಲ್ಲಿಯ ತನಕ ಬಿಡುವುದಿಲ್ಲ.

ಹದಿನಾಲ್ಕು ವರ್ಷ ಅವನು ಅಲುಗಲಿಲ್ಲ. ನಾನಂತೂ ಮನಸ್ಸಿಟ್ಟೇ ಎಳೆದೆ.

ನಡುವೆ ಒಮ್ಮೆ ಕುಸ್ತಿಯಲ್ಲಿ ಅವನ ಹೆಗಲ ಎಲುಬು ಮುರಿಯಿತು. ಖಣದ ಗಂಟುಗಳನ್ನು ಸಾವಕಾರರ ಅಂಗಡಿಗೆ ಮುಟ್ಟಿಸುವವರು ಯಾರು? ಹೆಂಡತಿ ತಂಗೆವ್ವ ಸೀರೆ ಕಚ್ಚೆ ಹಾಕಿ ನನ್ನ ಮೇಲೆ ಕೂತಳು. ಅವನು ಕಟ್ಟೆಯ ಮೇಲೆ ಕೂತು ಒಂದೇ ಕೈಯಿಂದ ಗೇರು ತೋರಿಸಿದ. ಮೂರನೆಯ ದಿನಕ್ಕೆ ಪೇಟೆಗೆ ಹೋದಳು. ಮಂದಿ ನಕ್ಕರು. ಎರಡು ತಿಂಗಳು ದಿನವೂ ಹೋದಳು. ನಗುವವರಿಗೆ ಬೇಸರ ಬಂತು.

ಹದಿನೈದನೆಯ ವರ್ಷ ಹಗ್ಗದಲ್ಲಿ ಏನೋ ಬೇರೆ ಅನ್ನಿಸಿತು. ಮೊದಲು ಗೋಡೆಗೆ ಕಟ್ಟಿದ ಹಾಗೆ ಇರುತ್ತಿತ್ತು. ಈಗ ಸಣ್ಣ ನಡುಕ. ರಾಜೇಸಾಬನಿಗೂ ತಿಳಿಯಿತು. ಅವನು ಮೆಲ್ಲಗೆ ಎಡಗೈಯಿಂದ ಕ್ಲಚ್ಚನ್ನು ಅರ್ಧ ಒತ್ತಿದ. ನನ್ನ ಬಾಯಲ್ಲಿ ಆರ್ಭಟ, ಗಾಲಿಯಲ್ಲಿ ಬಲವಿಲ್ಲ. ಭರಮಪ್ಪ ಗೆದ್ದ. ಮರುವರ್ಷವೂ ಹಾಗೇ. ಹಬ್ಬ ಮುಗಿದ ಮೇಲೆ ಸುಟ್ಟ ಕ್ಲಚ್ ಪ್ಲೇಟುಗಳನ್ನು ರಾಜೇಸಾಬ ಬಾಗಿಲು ಮುಂದೆ ಮಾಡಿಕೊಂಡು ಬದಲಿಸುತ್ತಿದ್ದ. ಮೋಸವೋ ಪ್ರೀತಿಯೋ ಎಂದು ನಾನು ಬಹಳ ಯೋಚಿಸಿದೆ. ಕಬ್ಬಿಣಕ್ಕೆ ಅದು ತಿಳಿಯುವುದಿಲ್ಲ.

ಹೀಗೆ ಕ್ಲಚ್ ಹಿಡಿದ ಐದನೆಯ ವರ್ಷ, ಭರಮಪ್ಪನಿಗೆ ಏದುಸಿರು ಹೆಚ್ಚಾಯಿತು. ಬಾಗಲಕೋಟೆಯ ಡಾಕ್ಟರರು ತಪಾಸಣೆ ಮಾಡಿ ಹೃದಯ ದೊಡ್ಡದಾಗಿದೆ ಎಂದರು. ಭರಮಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದ. ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆ ಗಾಡಿ ನಿಲ್ಲಿಸಿ ಹೇಳಿದ. ಹಿಂದೆ ಕೂತಿದ್ದ ತಂಗೆವ್ವನಿಗೆ ಅದರ ಅರ್ಥ ಗೊತ್ತಿತ್ತು. ಡಾಕ್ಟರರು ಆಕೆಯನ್ನು ಬದಿಗೆ ಕರೆದು, ಇನ್ನು ಭಾರದ ಕೆಲಸ ಮಾಡಿದರೆ ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದ್ದರು.

ಆಕೆ ಬೇಡಿಕೊಂಡಳು, ಊಟ ಬಿಟ್ಟಳು. ಅವನದು ಒಂದೇ ಉತ್ತರ: ದೇವರ ಮುಂದೆ ಆಡಿದ ಮಾತು, ಸೋತರೆ ಬಿಡುತ್ತೇನೆ. ಮುಂದಿನ ಪಂಚಮಿಗೆ ಎಂಟು ದಿನ ಇರುವಾಗ ತಂಗೆವ್ವ ರಾಜೇಸಾಬನ ಗ್ಯಾರೇಜಿಗೆ ಬಂದಳು. ಈ ವರ್ಷ ಹೇಗಾದರೂ ಮಾಡಿ ಅವನನ್ನು ಸೋಲಿಸು ಎಂದು ಕೇಳಿದಳು. ರಾಜೇಸಾಬ ಪಾನಾ ಕೆಳಗಿಟ್ಟು, ಐದು ವರ್ಷದಿಂದ ಮಾಡಿದ್ದನ್ನೆಲ್ಲ ಒಪ್ಪಿಕೊಂಡ. ಆಕೆ ನನ್ನ ಟ್ಯಾಂಕಿನ ಮೇಲೆ ಕೈಯಿಟ್ಟು ಅಂದಳು:

“ಯಣ್ಣಾ, ನೀ ಗೆಲ್ಲಿಸಿ ಗೆಲ್ಲಿಸಿ ಅಂವನ್ನ ಕೊಲ್ಲಾಕತ್ತೀ.”

ರಾಜೇಸಾಬ ಇನ್ನು ಕ್ಲಚ್ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಆದರೆ ಹಬ್ಬದ ದಿನ ಬಯಲಿಗೆ ಬಂದಾಗ ಅವನ ಕೈಗೆ ದೊಡ್ಡ ಪಟ್ಟಿ. ಸೈಲೆನ್ಸರ್ ತಾಗಿ ಸುಟ್ಟಿತು ಎಂದ. ಅದೇ ಕೈಯಿಂದ ಆ ಮುಂಜಾನೆ ನನ್ನ ಚೈನು ಬಿಗಿದಿದ್ದ. ಅವನ ಬದಲಿಗೆ ನನ್ನನ್ನು ಓಡಿಸಲು ಗರಡಿಯ ಹುಡುಗರನ್ನು ಕೇಳಿದರು. ಗುರುವನ್ನು ಎಳೆದು ಕೆಡವಿದ ಹೆಸರು ಯಾರಿಗೆ ಬೇಕು? ಎಲ್ಲರೂ ಹಿಂದೆ ಸರಿದರು.

ತಂಗೆವ್ವ ಹೆಂಗಸರ ನಡುವಿನಿಂದ ಎದ್ದು ಬಂದಳು. ಚಪ್ಪಲಿ ಬಿಟ್ಟು ನನ್ನ ಮೇಲೆ ಕೂತಳು.

“ಪೈಲವಾನರ, ಮನ್ಯಾಗ ಜಗ್ಗೂದು ಸಾಲದಂತ ಇಲ್ಲಿಗೂ ಬಂದಾರ ನೋಡ್ರಿ,” ಎಂದು ಯಾರೋ ಅಂದರು. ಬಯಲೆಲ್ಲ ನಕ್ಕಿತು. ಭರಮಪ್ಪನೂ ನಕ್ಕ.

ಹಲಗಿ ಬಡಿಯಿತು. ಆಕೆ ಕ್ಲಚ್ ಪೂರ್ತಿ ಬಿಟ್ಟಳು. ಅಬ್ಬಾ, ಐದು ಪಂಚಮಿ ಕಳೆದ ಮೇಲೆ ನನ್ನ ಗಾಲಿಗೆ ನನ್ನ ಬಲ ಬಂತು. ಆಕೆಯ ಬರಿಗಾಲು ಗೇರಿನ ಮೇಲೆ ಊರಿತ್ತು. ಹಿಂದೆ ತಿರುಗಿ ನೋಡಲಿಲ್ಲ. ಹತ್ತು ಪೆಟ್ಟು, ಹಗ್ಗ ತಂತಿಯಾಯಿತು. ಹದಿನೈದು ಪೆಟ್ಟು, ಅವನು ನಿಂತೇ ಇದ್ದ. ಅಂಥ ಬಲ ಇನ್ನೂ ಅವನಲ್ಲಿ ಎಲ್ಲಿ ಉಳಿದಿತ್ತೋ. ಎಳೆಯಲೇ, ಹರಿದುಕೊಳ್ಳಲೇ ಎಂದು ನನಗೇ ಗೊಂದಲ. ಆಕೆ ಇನ್ನಷ್ಟು ರೇಸು ಮಾಡಿದಳು. ಹದಿನೇಳನೆಯ ಪೆಟ್ಟಿಗೆ ಅವನ ಹಿಮ್ಮಡಿ ಜಾರಿತು. ಒಂದು ಗೇಣು. ಗೆರೆಯ ಸುಣ್ಣ ಅವನ ಕಾಲ ಕೆಳಗೆ ಅಳಿಸಿಹೋಯಿತು.

ಹಲಗಿಯವನು ಕೋಲು ಎತ್ತಿದವನು ಇಳಿಸಲಿಲ್ಲ.

ಭರಮಪ್ಪ ನೆಲದ ಮೇಲೆ ಕೂತು ಉಸಿರು ತಂದುಕೊಂಡ. ಆಮೇಲೆ ನಡುವಿನ ಹಗ್ಗ ತಾನೇ ಬಿಚ್ಚಿ, ಗರಡಿಯ ಹೊಸ್ತಿಲ ಮೇಲಿಟ್ಟು ಕೈಮುಗಿದ. ಆಡಿದ ಮಾತು ಆಡಿದ ಹಾಗೆಯೇ ನಡೆದುಕೊಂಡ. ನೆಟ್ಟಗೆ ರಾಜೇಸಾಬನ ಹತ್ತಿರ ಹೋಗಿ ಅವನ ಕೈಯ ಪಟ್ಟಿ ಸುತ್ತು ಸುತ್ತು ಬಿಚ್ಚಿದ. ಒಳಗೆ ಗಾಯವಿಲ್ಲ.

“ಎಷ್ಟು ವರ್ಷ ಆತೋ ಕ್ಲಚ್ ಹಿಡದು?”

“ಐದು.”

“ನಾ ನಾಕು ಅನಕೊಂಡಿದ್ದೆ.”

ಹೇಗೆ ಗೊತ್ತಾಯಿತು ಎಂದು ರಾಜೇಸಾಬ ಕೇಳಿದ. ಗಾಲಿ ಖರೇನೇ ಎಳೆದರೆ ಹಿಂದೆ ನಿಂತವನ ಮುಖಕ್ಕೆ ಮಣ್ಣು ಸಿಡಿಯುತ್ತದೆ, ಸಿಡಿಯುವುದು ನಿಂತಿತ್ತು ಎಂದ ಭರಮಪ್ಪ. ಹಾಗಾದರೆ ಇಷ್ಟು ದಿನ ಸುಮ್ಮನೆ ಯಾಕಿದ್ದೆ? ಅದಕ್ಕೆ ಅವನು ತಲೆ ತಗ್ಗಿಸಿದ. ಮಂದಿ ಹೆಗಲ ಮೇಲೆ ಹೊತ್ತು ಕುಣಿಯುವಾಗ ಇಳಿಸಿರಪ್ಪ ಅನ್ನಲು ಬಾಯಿ ಬರಲಿಲ್ಲ ಎಂದ.

ಮನೆಗೆ ಹೋಗುವಾಗ ತಂಗೆವ್ವನೇ ಓಡಿಸಿದಳು. ಅವನು ಹಿಂದೆ ಕೂತ. ಬಾವಿಯ ಹತ್ತಿರ ಬಂದಾಗ ಅವನು ಆಕೆಯ ಹೆಗಲ ಮೇಲೆ ಕೈಯಿಟ್ಟದ್ದು ನನ್ನ ಕನ್ನಡಿಯಲ್ಲಿ ಕಂಡಿತು.

ಆಮೇಲೆ ಏಳು ವರ್ಷ. ಹುಡುಗರಿಗೆ ಪಟ್ಟು ಹೇಳಿಕೊಟ್ಟ, ಖಣ ನೇಯ್ದ, ಮೊಮ್ಮಗಳನ್ನು ನನ್ನ ಟ್ಯಾಂಕಿನ ಮೇಲೆ ಕೂರಿಸಿ ಓಣಿ ಸುತ್ತಿಸಿದ. ಒಂದು ಮಧ್ಯಾಹ್ನ ಮಗ್ಗದ ಸದ್ದು ನಿಂತಿತು. ಎಳೆ ಹರಿದಿರಬೇಕು, ಗಂಟು ಹಾಕುತ್ತಿರಬೇಕು ಎಂದು ನಾನು ಅಂಗಳದಲ್ಲಿ ಅಂದುಕೊಂಡೆ. ಒಳಗೆ ರೊಟ್ಟಿ ಬಡಿಯುವ ಸದ್ದೂ ನಿಂತಿತು. ತಂಗೆವ್ವನೂ ಹಾಗೇ ಅಂದುಕೊಂಡು ಕಾಯುತ್ತಿದ್ದಳು. ಮಗ್ಗ ಮತ್ತೆ ಬಡಿಯಲಿಲ್ಲ.

ಈಗ ನಾನು ಗರಡಿಯ ಪಡಸಾಲೆಯ ಮೂಲೆಯಲ್ಲಿದ್ದೇನೆ. ಟೈರು ಬಿರಿದಿವೆ, ಟ್ಯಾಂಕಿನ ಮೇಲೆ ಗುಬ್ಬಿ ಬಿಟ್ಟ ಹುಲ್ಲುಕಡ್ಡಿ. ಬಲ ಎಂದರೆ ಏನು ಎಂದು ನನಗೆ ಇನ್ನೂ ಕುತೂಹಲ. ಕಾಲುವೆಯಿಂದ ನನ್ನನ್ನು ಎತ್ತಿದ್ದು ಬಲ; ಹೊಸ್ತಿಲ ಮೇಲೆ ಹಗ್ಗ ಇಟ್ಟದ್ದಕ್ಕೆ ಏನು ಅನ್ನಬೇಕೋ, ಅದು ಇನ್ನೂ ಭಾರದ್ದು ಇರಬೇಕು.

ಗರಡಿಯಲ್ಲಿ ಹಾಕಲು ಫೋಟೋ ಕೇಳಿ ಹುಡುಗರು ತಂಗೆವ್ವನ ಹತ್ತಿರ ಹೋಗಿದ್ದರು. ಗೆದ್ದ ವರ್ಷದವು ಹತ್ತಾರು ಇದ್ದವು. ಆಕೆ ಸೋತ ವರ್ಷದ್ದನ್ನು ತೆಗೆದುಕೊಟ್ಟಳು. ಹಲ್ಲು ಕಚ್ಚಿದ್ದಾನೆ, ಕುತ್ತಿಗೆಯ ನರ ಉಬ್ಬಿವೆ. ಅಂಚಿನಲ್ಲಿ ನನ್ನ ಹಿಂದಿನ ಗಾಲಿಯೂ ಒಂದು ಬರಿಗಾಲೂ ಬಂದಿವೆ. ಫೋಟೋಗೆ ಗಾಜಿನ ಕಟ್ಟು ಹಾಕುವವನು, ಈ ಕಾಲು ಚಂದ ಕಾಣುವುದಿಲ್ಲ, ಕತ್ತರಿಸಲೇ ಎಂದು ಕೇಳಿದ. ರಾಜೇಸಾಬ ಅವನ ಕೈಯಿಂದ ಫೋಟೋ ಇಸಿದುಕೊಂಡ.

“ಆ ಕಾಲು ಇರದಿದ್ದರ ಅಂವ ಏಳು ವರ್ಷ ಮೊದಲ ಫೋಟೋ ಆಗಿರತಿದ್ದ. ಇರಲಿ ಬಿಡು.”