ಬೆಳಗಿನ ಐದರ ಹೊರೆ

"ಬೆಳಿಗ್ಗೆ ಐಸ್ ಮೆಷಿನ್ ನಿಲ್ಲಿಸುವುದು ಹೇಗೆ ಮಾರಾಯ್ತಿ?" ಬಸ್ಸಿನ ಸದ್ದಿನ ನಡುವೆ ಮೀನು ಮಾರುವ ಅಕ್ಕುವಿನ ಧ್ವನಿ ಫೋನಿನಲ್ಲಿ ಏರಿಳಿಯಿತು. "ಬೆಳಿಗ್ಗೆ ಐದಕ್ಕೆ ಬೋಟ್ ಬರುವಾಗಲೇ ಅಲ್ವಾ ಐಸ್ ಬೇಕಾದ್ದು? ಕೋಲ್ಡ್ ರೂಮಿಗೆ ಮೀನು ತುಂಬುವುದೂ ಆವಾಗಲೇ. ಎಲ್ಲ ಒಟ್ಟಿಗೇ. ನಾನು ಉಡುಪಿ ದಾಟಿದೆ, ಈಗ ಬಂದೆ."

ಚೈತಾಲಿ ಫೋನ್ ಕೆಳಗಿಟ್ಟಳು. ಮಣಿಪಾಲದ ಈ ಕಟ್ಟಡ ವಿನ್ಯಾಸದ ಕಚೇರಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೆಜಮಾಡಿಯ ಮೀನು ಮಾರುವ ಹೆಂಗಸರ ಸೊಸೈಟಿ ಕಟ್ಟಿಸಲಿದ್ದ ಮಾರುಕಟ್ಟೆಗೆ ಎಷ್ಟು ಕರೆಂಟು ಬೇಕು, ಎಷ್ಟು ಬಿಲ್ಲು ಬಂದೀತು ಎಂದು ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕಿದವಳು ಅವಳೇ. ಐಸ್ ಮೆಷಿನ್ ರಾತ್ರಿ ಮಾತ್ರ, ಕೋಲ್ಡ್ ರೂಮಿನ ಕರೆಂಟಿನ ಹೊರೆ ಹಗಲು ಮಾತ್ರ ಎಂದು ಅಂದಾಜಿನಲ್ಲಿ ತುಂಬಿದ್ದಳು. ಈಗ ಎರಡನ್ನೂ ಬೆಳಗಿನ ಐದಕ್ಕೆ ತಂದು ಮತ್ತೆ ಓಡಿಸಿದಳು. ಪರದೆಯ ಮೇಲೆ ಎಪ್ಪತ್ತೆರಡು ಕಿಲೋವ್ಯಾಟಿನಲ್ಲಿದ್ದ ಗ್ರಾಫಿನ ಗೆರೆ ನೂರ ಇಪ್ಪತ್ತೆಂಟಕ್ಕೆ ಹಾರಿತು.

ಕಚೇರಿಯ ಯಜಮಾನ ತಾರಾನಾಥರು ನಿಂತುಕೊಂಡೇ ಅದನ್ನು ನೋಡಿದರು.

"ನನ್ನದೇ ತಪ್ಪು ಸರ್."

"ಈಗ ಇದನ್ನು ಯಾಕೆ ತೆಗೆದದ್ದು? ಸಂಜೆ ಐದರೊಳಗೆ ಅರ್ಜಿ ಕೊಡದಿದ್ದರೆ ಈ ವರ್ಷದ ಅನುದಾನ ಹೋಯ್ತು. ಹಳೆಯ ರಿಪೋರ್ಟೇ ಇರಲಿ. ಕಟ್ಟಡ ಎದ್ದ ಮೇಲೆ ನೋಡಿಕೊಳ್ಳುವ."

"ಬಿಲ್ಲು ಕಟ್ಟುವವರು ಅವರಲ್ವಾ?"

"ನಿನ್ನ ಖಾಯಂ ಪತ್ರ ನನ್ನ ಮೇಜಿನ ಮೇಲೆ ಉಂಟು, ಚೈತಾಲಿ." ದನಿ ಏರಿಸದೆಯೇ ಹೇಳಿ ಅವರು ಮೀಟಿಂಗ್ ರೂಮಿಗೆ ನಡೆದರು.

ಸೊಸೈಟಿಯ ಅಧ್ಯಕ್ಷೆ ಅಕ್ಕು ಇಸ್ತ್ರಿ ಮಾಡಿದ ಸೀರೆ ಉಟ್ಟು, ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಎದೆಗೊತ್ತಿಕೊಂಡು ಬಂದಳು. ತಾರಾನಾಥರು ನಕ್ಷೆ ಬಿಡಿಸಿ, ಹೆದ್ದಾರಿಗೆ ಮುಖ ಮಾಡಿದ ಗಾಜಿನ ಹಾಲ್ ಅನ್ನು ಪ್ರೀತಿಯಿಂದ ವಿವರಿಸಿದರು. ಕೊನೆಗೆ ಸಹಿಯ ಜಾಗ ತೋರಿಸಿ ಪೆನ್ನು ಕೊಟ್ಟರು.

ಅಕ್ಕು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಹಿಂದೆ ಇಂಥದ್ದೇ ಒಂದು ಸಣ್ಣದು ಕಟ್ಟಿದ್ದೆವು. ಕರೆಂಟ್ ಬಿಲ್ ಕಟ್ಟಲಿಕ್ಕಾಗದೆ ಆರೇ ತಿಂಗಳಲ್ಲಿ ಫ್ಯೂಸ್ ತೆಗೆದರು. ಒಳಗಿದ್ದ ಮೀನನ್ನು ನಾವೇ ಹೊಂಡ ತೋಡಿ ಹೂತದ್ದು. ಎಷ್ಟೋ ಜನ ನನ್ನ ಹತ್ತಿರ ಈಗಲೂ ಮಾತಾಡುವುದಿಲ್ಲ." ಅವಳು ಚೈತಾಲಿಯತ್ತ ತಿರುಗಿದಳು. "ಈ ಸಲ ಹಾಗೆ ಆಗ್ಲಿಕ್ಕಿಲ್ಲ ಅಲ್ವಾ, ಮಗಾ?"

ತಾರಾನಾಥರು ನಕ್ಷೆಯ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದಿದ್ದರು.

"ಆಗಬಹುದು ಅಕ್ಕ," ಎಂದಳು ಚೈತಾಲಿ. "ನಾನು ತುಂಬಿದ ಹೊತ್ತು ತಪ್ಪು. ತಿಂಗಳಲ್ಲಿ ಒಮ್ಮೆ ಎಲ್ಲ ಮೆಷಿನ್ ಒಟ್ಟಿಗೆ ಓಡಿದರೂ ಸಾಕು, ಬಿಲ್ಲಿನ ಡಿಮಾಂಡ್ ಶುಲ್ಕ ಇಡೀ ತಿಂಗಳಿಗೂ ಅದೇ ಲೆಕ್ಕದಲ್ಲಿ ಬೀಳ್ತದೆ. ನಿಮ್ಮಲ್ಲಿ ಅದು ದಿನಾ ಆಗ್ತದೆ."

ಅಕ್ಕು ಪೆನ್ನನ್ನು ಮೇಜಿನ ಮೇಲಿಟ್ಟಳು. ಸಿಟ್ಟು ಬಂದಂತೆ ಕಾಣಲಿಲ್ಲ; ತುಟಿ ಕಚ್ಚಿ ಏನನ್ನೋ ಯೋಚಿಸುತ್ತಿದ್ದಳು.

"ಹಿಂದಿನ ದಿನವೇ ಐಸ್ ಮಾಡಿಟ್ಟು, ಬೆಳಿಗ್ಗೆ ಮೆಷಿನ್ ನಿಲ್ಲಿಸಿದರೆ?"

"ಆಗ್ತದೆ. ಆದರೆ ಐಸ್ ಕರಗದ ಹಾಗೆ ಇಡಲಿಕ್ಕೆ ದಪ್ಪ ಗೋಡೆಯ ಒಂದು ಕೋಣೆ ಬೇಕು."

"ಇದು ಉಂಟಲ್ಲ." ಅಕ್ಕುವಿನ ಬೆರಳು ಗಾಜಿನ ಹಾಲ್‌ನ ಮೇಲೆ ಬಿತ್ತು.

"ಅದು ಎ.ಸಿ. ಹಾಲ್. ಕಟ್ಟಡದ ಮುಖವೇ ಅದು," ಎಂದರು ತಾರಾನಾಥರು.

"ಜನ ಮೀನಿಗಲ್ವಾ ಸರ್ ಬರುವುದು?"

ಗಂಟೆ ಹನ್ನೆರಡು ದಾಟಿತ್ತು. ತಾರಾನಾಥರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆಮೇಲೆ ಪೆನ್ಸಿಲ್ ಹುಡುಕಿ, ಗಾಜಿನ ಗೆರೆಯ ಮೇಲೆ ದಪ್ಪ ಗೋಡೆ ಎಳೆಯತೊಡಗಿದರು. "ಬಾಗಿಲು ಈ ಕಡೆಗೆ ಬರಬೇಕು," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಊಟಕ್ಕೆ ಯಾರೂ ಏಳಲಿಲ್ಲ. ಅಕ್ಕು ಹೊತ್ತು ಹೇಳುತ್ತಾ ಹೋದಳು: ಬೋಟ್ ಬರುವುದು, ಏಲಂ ಮುಗಿಯುವುದು, ಲಾರಿ ಹೊರಡುವುದು. ಚೈತಾಲಿ ಒಂದೊಂದನ್ನೂ ತುಂಬಿದಳು. ನಾಲ್ಕು ಗಂಟೆಗೆ ಗೆರೆ ಎಂಬತ್ತೊಂದರಲ್ಲಿ ನಿಂತಿತು. ಅಕ್ಕು ಅಕ್ಷರ ಬಿಡಿಬಿಡಿಯಾಗಿ ಬರೆದು ಸಹಿ ಹಾಕಿದಳು.

ತಾರಾನಾಥರು ಅರ್ಜಿಯ ಫೈಲನ್ನು ತಾವೇ ಎತ್ತಿಕೊಂಡರು. ಬಾಗಿಲಲ್ಲಿ ನಿಂತು, "ಆ ಪತ್ರದ ವಿಷಯ ಸೋಮವಾರ ಮಾತಾಡುವ," ಎಂದರು, ಚೈತಾಲಿಯ ಮುಖ ನೋಡದೆ. ಮೆಟ್ಟಿಲಿಳಿಯುವ ಸದ್ದು ಅವಸರದಲ್ಲಿ ದೂರವಾಯಿತು.

"ನಮ್ಮ ಬೆಳಿಗ್ಗೆ ಇದರಲ್ಲಿ ಎಲ್ಲಿ ಉಂಟು?" ಅಕ್ಕು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು.

ಚೈತಾಲಿ ತೋರಿಸಿದಳು. ಕತ್ತಿಯ ಗಾಯಗಳಿದ್ದ ಅಕ್ಕುವಿನ ಬೆರಳು ನಡುರಾತ್ರಿಯಿಂದ ಹೊರಟು, ಗೆರೆ ಬಿಡದೆ, ನಿಧಾನವಾಗಿ ಬಲಕ್ಕೆ ಸರಿಯಿತು. ಎರಡು, ಮೂರು, ನಾಲ್ಕು. ಐದರ ಮೇಲೆ ಬಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿತು.