ಇನ್ನು ಹನ್ನೊಂದು ತಿಂಗಳು

ಗೇಟಿನ ಚಿಲಕಕ್ಕೆ ಗುರುಪಾದಪ್ಪನವರು ಹೊರಗಿನಿಂದ ಕೈ ಹಾಕಿದರೆ, ಮನೆ ಮಾಲೀಕ ಅಶ್ವತ್ಥಪ್ಪ ಒಳಗಿನಿಂದ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಬೀದಿಯಲ್ಲಿ ಮೆಟಾಡೋರ್ ನಿಂತಿತ್ತು. ಅದರೊಳಗೆ, ಆಸ್ಪತ್ರೆಯ ಬಿಳಿ ಹೊದಿಕೆಯ ಕೆಳಗೆ, ಬೆಳಗಿನ ಜಾವ ತೀರಿಕೊಂಡ ಅವರ ಹೆಂಡತಿ ಸಂಗವ್ವ ಮಲಗಿದ್ದಳು.

“ತಪ್ ತಿಳ್ಕೋಬೇಡಿ ಗುರುಪಾದಪ್ಪನೋರೆ. ಜೋಯಿಸ್ರನ್ನ ಕೇಳ್ಕೊಂಡ್ ಬಂದೆ, ನಕ್ಷತ್ರ ಸರಿಯಿಲ್ವಂತೆ. ಹೆಣ ಒಳಗ್ ಬಂದ್ರೆ ಆರ್ ತಿಂಗ್ಳು ಮನೆಗೆ ಬೀಗ ಹಾಕ್ಬೇಕು. ಮಗಳು ತುಂಬಿದ ಬಸುರಿ, ಇಲ್ಲೇ ಅವ್ಳೆ. ಎಲ್ ಕರ್ಕೊಂಡ್ ಹೋಗ್ಲಿ ಹೇಳಿ?”

“ಎರಡ ತಾಸು ಪಡಸಾಲ್ಯಾಗ ಕೂಡಸ್ತೀವ್ರಿ, ಅಷ್ಟ. ಇಪ್ಪತ್ತೆರಡು ವರ್ಷ ಇದ ಮನ್ಯಾಗ ಅದೀವಿ. ಬಾಡಗಿ ಒಂದ್ ದಿನಾನೂ ತಡಾ ಮಾಡಿಲ್ರಿ.”

“ಬಾಡಿಗೆ ಮಾತಲ್ಲ ಸ್ವಾಮಿ ಇದು,” ಎಂದ ಅಶ್ವತ್ಥಪ್ಪ. ಮುಖ ಆಚೆ ತಿರುಗಿಸಿಕೊಂಡ, ಕೈ ಮಾತ್ರ ಚಿಲಕ ಬಿಡಲಿಲ್ಲ. ಕಿಟಕಿಯ ಹಿಂದೆ ಅವನ ಹೆಂಡತಿ ಗೋಪಾಲಮ್ಮ ಬಾಯಿಗೆ ಸೆರಗಿಟ್ಟುಕೊಂಡು ಅಳುತ್ತಿದ್ದಳು. ಸಂಗವ್ವ ತಟ್ಟಿದ ಜೋಳದ ರೊಟ್ಟಿ ಎಷ್ಟು ತಿಂದಿದ್ದಳೋ, ಲೆಕ್ಕ ಇಟ್ಟವರು ಯಾರು!

ಅಯ್ಯೋ ಶಿವನೇ, ಇನ್ನೆಲ್ಲಿಗೆ ಒಯ್ಯುವುದು? ಕಾರ್ಖಾನೆಯ ಗೆಳೆಯ ನಾಗಲಿಂಗಪ್ಪ ಹತ್ತಿರ ಬಂದು, “ಸೀದಾ ರುದ್ರಭೂಮಿಗೆ ಹೋಗಿಬಿಡೂಣೇನ್ರಿ?” ಎಂದು ಮೆಲ್ಲಗೆ ಕೇಳಿದ.

“ಮನಿ ಕಾಣದ ಹೋಗೂದು ಬ್ಯಾಡ ಆಕಿ,” ಎಂದರು ಗುರುಪಾದಪ್ಪ. “ಕೋಗಿಲಿನ ಸೈಟಿಗೆ ಒಯ್ಯೂಣು.”

“ಅಲ್ಲೇನೈತ್ರಿ? ಬರೇ ಬಯಲು!”

“ನಮ್ಮ ಬಯಲು.”

*

ರಾಣೆಬೆನ್ನೂರು ಕಡೆಯಿಂದ ಬಂದ ಗುರುಪಾದಪ್ಪ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಟೈಂ ಕೀಪರ್. ಸಂಬಳದ ದಿನ ಮೊದಲು ಉಳಿತಾಯದ ದುಡ್ಡು ಎತ್ತಿಡಬೇಕು, ಆಮೇಲೆ ಉಳಿದುದರಲ್ಲಿ ಸಂಸಾರ. ಇದು ಅವರ ಮನೆಯ ಕಾನೂನು. ಖರ್ಚೆಲ್ಲ ಮುಗಿದ ಮೇಲೆ ಉಳಿಸುತ್ತೇನೆ ಅನ್ನುವವನು ಉಳಿಸಿದ ಹಾಗೇ ಎಂದು ನಗುತ್ತಿದ್ದರು. ಹಾಗಂತ ಜಿಪುಣರಲ್ಲ. ಆ ಹೆಸರು ಕೊಟ್ಟವರ ನಾಲಗೆ ಬಿದ್ದುಹೋಗಬೇಕು. ದೀಪಾವಳಿಗೆ ಸಂಗವ್ವನಿಗೆ ಇಳಕಲ್ ಸೀರೆ ತಪ್ಪಿದ್ದಿಲ್ಲ. ನಾಗಲಿಂಗಪ್ಪ ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನು ಯಾರ ಮುಂದೆಯೂ ಕೈಚಾಚದೆ ಮಾಡಿದ್ದು ಇವರ ಮಾತು ಕೇಳಿ, ಪೋಸ್ಟಾಫೀಸಿನಲ್ಲಿ ತಿಂಗಳು ತಿಂಗಳು ಕಟ್ಟಿ.

ಒಂದೇ ಒಂದು ವಿಷಯದಲ್ಲಿ ಅವರು ಕಲ್ಲು. ಸಾಲ ಅಂದರೆ ಮೈಯೆಲ್ಲ ಬೆವರು. ಅವರಣ್ಣ ಬಟ್ಟೆ ಅಂಗಡಿಗೆಂದು ಬಡ್ಡಿಗೆ ತಂದು ಮುಳುಗಿದಾಗ, ಸಾಲ ಕೊಟ್ಟವರು ಬಂದು ಪಾತ್ರೆ ಪಡಗ, ಕೂಸಿನ ತೊಟ್ಟಿಲು ಎಲ್ಲ ಬೀದಿಗೆ ಎಸೆದಿದ್ದರು. ಹದಿನಾಲ್ಕು ವರ್ಷದ ಗುರುಪಾದಪ್ಪ ಅದನ್ನು ಕಣ್ಣಾರೆ ಕಂಡಿದ್ದರು.

ಎಪ್ಪತ್ತೆರಡರಲ್ಲಿ ಕೋಗಿಲಿನ ಹತ್ತಿರ ಮೂವತ್ತು ನಲವತ್ತರ ಸೈಟು ಕೊಂಡರು. ತಿಂಗಳಿಗೊಂದು ಭಾನುವಾರ ಗಂಡ ಹೆಂಡತಿ ಬುತ್ತಿ ಕಟ್ಟಿಕೊಂಡು ಯಲಹಂಕಕ್ಕೆ ಬಸ್ಸು ಹತ್ತುವುದು, ಅಲ್ಲಿಂದ ನಡೆಯುವುದು. ಮಕ್ಕಳಿಲ್ಲದ ಮನೆ, ಅವರಿಗೆ ಅದೇ ಜಾತ್ರೆ, ಅದೇ ತೀರ್ಥಯಾತ್ರೆ. ಸಂಗವ್ವ ಸೀರೆ ಮೇಲೆತ್ತಿ ಹೆಜ್ಜೆ ಎಣಿಸುತ್ತ, ಇದು ಅಡಿಗೆಮನಿ, ಇದು ದೇವರಜಗಲಿ ಎಂದು ತೋರಿಸುತ್ತಿದ್ದಳು.

“ಕಾರ್ಖಾನೆ ಸೊಸೈಟ್ಯಾಗ ಸಾಲ ಕೊಡ್ತಾರಂತ್ರಿ,” ಎಂದಳು ಒಂದು ಸಲ. “ಒಂದ್ ಖೋಲಿ ಹಾಕೂಣು. ಮ್ಯಾಲೆ ತಗಡಿದ್ರೂ ಸಾಕು. ನನ್ನ ಗ್ವಾಡಿಗೆ ನಾ ಮೊಳಿ ಬಡದ್ರ ಯಾರೂ ಬಂದು ಕೇಳಬಾರದು, ಅಷ್ಟ ನನ್ನ ಆಸೆ.”

“ಸಾಲದ ಮನ್ಯಾಗ ನಿದ್ದಿ ಹತ್ತೂದಿಲ್ಲ. ಹಾಸಿಗಿ ಇದ್ದಷ್ಟ ಕಾಲ ಚಾಚಬೇಕು. ಇನ್ನೊಂದ್ ಚೂರು ತಡಿ.”

ತಡೆದಳು. ಗುರುಪಾದಪ್ಪನವರ ಕೂಡಿಸುವುದು, ಗುಣಿಸುವುದು ಒಂದೂ ತಪ್ಪಿರಲಿಲ್ಲ. ಆದರೆ ಕಟ್ಟಿದರೆ ಪೂರ್ತಿ ಮನೆಯನ್ನೇ ಕಟ್ಟಬೇಕೆಂದು ಅವರು ಹತ್ತು ಹೆಜ್ಜೆ ಹೋದರೆ ಸಿಮೆಂಟು ಹದಿನೈದು ಹೆಜ್ಜೆ ಓಡುತ್ತಿತ್ತು. ಕಡೆಗೆ, ನಿವೃತ್ತಿಯ ದುಡ್ಡು ಬಂದ ಮಾರನೇ ದಿನವೇ ಪಾಯ ತೆಗೆಯುವುದೆಂದು ತೀರ್ಮಾನಿಸಿದರು.

“ಇನ್ನ ಹನ್ನೊಂದು ತಿಂಗಳು,” ಎಂದಿದ್ದರು ಹೋದ ವಾರ, ಆಕೆಗೆ ಜ್ವರ ಬಂದ ದಿನ.

“ಹನ್ನೊಂದ್ ವರ್ಷ ಕಾದಾಕಿಗೆ ತಿಂಗಳೇನು ದೊಡ್ಡದಲ್ಲ ಬಿಡ್ರಿ,” ಎಂದು ಸಂಗವ್ವ ಮಗ್ಗುಲಾಗಿದ್ದಳು.

*

ಕೋಗಿಲಿನ ಸೈಟಿನಲ್ಲಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಎಕ್ಕದ ಗಿಡ. ರಸ್ತೆಯಾಚೆ ಮನೆ ಮಾಡಿಕೊಂಡಿದ್ದ ಮುನಿಆಂಜಿನಪ್ಪ ಯಾರೂ ಕೇಳದೆಯೇ ಗಿಡ ಸವರಿ, ಮನೆಯ ಬೆಂಚು ಹೊತ್ತು ತಂದ. “ಪ್ರತಿ ಸಲ ಬಂದಾಗ್ಲೂ ಆ ಯಮ್ಮ ನಮ್ಮ ಮನೇಲಿ ನೀರ್ ಕುಡ್ಕೊಂಡ್ ಓಗೋರು ಸೋಮಿ,” ಎಂದು ಕಣ್ಣೊರೆಸಿಕೊಂಡ.

ಲಿಂಗಾಯತರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂ ಮುಡಿಸಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ; ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ. ಬಯಲಿನಲ್ಲಿ ಗೋಡೆ ಎಲ್ಲಿಂದ ಬರಬೇಕು? ಬೆಂಚಿನ ಮೇಲೆ ಕೂಡಿಸಿದ ಸಂಗವ್ವ ಒಂದು ಸಲ ಹಿಂದಕ್ಕೆ ವಾಲಿದಳು, ಇನ್ನೊಂದು ಸಲ ಪಕ್ಕಕ್ಕೆ. ಸಂಗವ್ವನ ಅಕ್ಕ ರತ್ನಕ್ಕ ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಎದೆ ಬಡಿದುಕೊಂಡಳು.

“ಜೀವಮಾನಪೂರ್ತಿ ಕೂಡಿಟ್ರಿ ಗುರುಪಾದಪ್ಪಾರ! ನನ್ನ ತಂಗಿಗೆ ಬೆನ್ನ ಹಚ್ಚಾಕ ಒಂದ್ ಗ್ವಾಡಿ ಕಟ್ಟಿಸಲಿಲ್ಲಲ್ರಿ!”

ನಾಗಲಿಂಗಪ್ಪ ಏನೋ ಸಮಾಧಾನ ಹೇಳಲು ಹೋದ. ಗುರುಪಾದಪ್ಪ ಬೇಡವೆಂದು ಕೈ ಮಾಡಿದರು. ಬೆಂಚಿನ ಹಿಂಬದಿಗೆ ಹೋಗಿ, ಕಾಲು ಇಳಿಬಿಟ್ಟು ಕೂತು, ತಮ್ಮ ಬೆನ್ನನ್ನು ಹೆಂಡತಿಯ ಬೆನ್ನಿಗೆ ಕೊಟ್ಟರು. ಸಂಗವ್ವ ನೆಟ್ಟಗೆ ಕೂತಳು.

ಎರಡು ತಾಸು ಹಾಗೇ ಕೂತರು. ಕಾರ್ಖಾನೆಯವರು ಬಂದರು, ಯಶವಂತಪುರದ ಓಣಿಯವರು ಬಂದರು. ಬಂದವರೆಲ್ಲ ಸಂಗವ್ವನ ಮುಂದೆ ನಿಂತು, ಹೂ ಹಾಕಿ, ಅತ್ತು ಸರಿದರು. ಗುರುಪಾದಪ್ಪನವರ ಮುಂದೆ ಯಾರೂ ಇರಲಿಲ್ಲ. ಬಿಸಿಲು, ಬರೀ ನೆಲ, ಆಚೆಗೆ ಯಾರದೋ ರಾಗಿ ಹೊಲ. ಬ್ಯಾಂಕಿನಲ್ಲಿದ್ದ ದುಡ್ಡಿಗೆ ಒಂದು ಖೋಲಿ ಇವತ್ತಿಗೂ ಆಗುತ್ತದೆ, ನಾಲ್ಕು ವರ್ಷದ ಹಿಂದಾದರೆ ಎರಡು ಆಗುತ್ತಿದ್ದವು. ಅದು ಅವರಿಗೆ ಗೊತ್ತಿತ್ತು. ನಾಚಿಕೆ ಅಂದರೆ ನಾಚಿಕೆ, ಸಂಕಟ ಅಂದರೆ ಸಂಕಟ. “ತಪ್ಪಾತು ನಂದು,” ಎಂದರು ಮೆಲ್ಲಗೆ.

*

ಮಣ್ಣು ಮಾಡಿ ಮರಳಿ ಬರುವಾಗ ಹೊತ್ತು ಇಳಿದಿತ್ತು.

“ದೀಪ ನೋಡ್ಕಂಡೇ ಓಗ್ಬೇಕು ಸೋಮಿ, ಯಾರೂ ಅಂಗೇ ಓಗ್ಬಾರ್ದು,” ಎಂದು ಮುನಿಆಂಜಿನಪ್ಪ ಎಲ್ಲರನ್ನೂ ಸೈಟಿಗೇ ಕರೆತಂದ. ಸಂಗವ್ವ ಕೂತಿದ್ದ ಜಾಗದಲ್ಲಿ ರತ್ನಕ್ಕ ಹಣತೆ ಇಟ್ಟು ಸೆರಗು ಮರೆಮಾಡಿಕೊಂಡು ಕೂತಿದ್ದಳು. ಬಯಲು ಗಾಳಿ ಸುಮ್ಮನಿರಬೇಕಲ್ಲ! ಹಚ್ಚುವುದು, ಆರುವುದು, ಮತ್ತೆ ಹಚ್ಚುವುದು.

“ನಿಂದರವಲ್ತು,” ಎಂದಳು ಸೋತ ದನಿಯಲ್ಲಿ. ಬೆಳಗಿನ ಸಿಟ್ಟು ಅವಳಲ್ಲೂ ಮುಗಿದುಹೋಗಿತ್ತು.

ಜನ ನೋಡಲು ದೀಪವಿಲ್ಲದೆ, ಹೋಗಲೂ ಆಗದೆ ನಿಂತರು. ಗುರುಪಾದಪ್ಪ ಒಂದು ಗಳಿಗೆ ಹೊಗೆಯಾಡುವ ಬತ್ತಿಯನ್ನೇ ನೋಡಿದರು. ಆಮೇಲೆ ಮುನಿಆಂಜಿನಪ್ಪನ ಕಡೆ ತಿರುಗಿದರು.

“ನಿಮ್ಮಲ್ಲಿ ಇಟ್ಟಂಗಿ ಅದಾವೇನ್ರಿ?”

“ಇಟ್ಟಿಗೇನಾ? ಮನೆ ಇಂದ್ಗಡೆ ಬಿದ್ದವೆ ಸೋಮಿ. ಎಷ್ಟ್ ಬೇಕೋ ತಕೊಳಿ.”

“ಹಂಗ ಬ್ಯಾಡ. ಸಾಲ ಕೊಡ್ರಿ.”

“ನಾಕ್ ಇಟ್ಟಿಗೆಗೆ ಎಂಥಾ ಸಾಲ ಸೋಮಿ?”

“ಇಲ್ರೀ,” ಎಂದರು ಗುರುಪಾದಪ್ಪ. ಆವತ್ತಿನ ಅಳು ಆಗ ಬಂತು, ಎಲ್ಲರೆದುರು, ಭುಜ ಕುಲುಕುವಂತೆ. “ಸಾಲಾನ ಕೊಡ್ರಿ ನನಗ.”

ನಾಗಲಿಂಗಪ್ಪ ಸಹಾಯಕ್ಕೆ ಹೊರಟರೆ ಬೇಡವೆಂದರು. ಎದೆಗವಚಿಕೊಂಡು ನಾಲ್ಕು ನಾಲ್ಕು ಇಟ್ಟಿಗೆ ತಾವೇ ತಂದರು. ಮಂಡಿಯೂರಿ ಹಣತೆಯ ಮೂರು ಕಡೆ ಜೋಡಿಸಿದರು, ಒಂದರ ಮೇಲೊಂದು. ರತ್ನಕ್ಕ ಬತ್ತಿ ಹಚ್ಚಿದಳು. ಈ ಸಲ ಆರಲಿಲ್ಲ. ಜನ ಒಬ್ಬೊಬ್ಬರಾಗಿ ಬಗ್ಗಿ, ಒಳಗಿನ ದೀಪ ನೋಡಿ, ಕೈಮುಗಿದು ಬಸ್ಸಿನ ದಾರಿ ಹಿಡಿದರು.

ಗೋಡೆ ಮೊಣಕಾಲೆತ್ತರ ಆಗಿತ್ತು. ದೀಪಕ್ಕೆ ಅಷ್ಟು ಸಾಕಿತ್ತು. ಗುರುಪಾದಪ್ಪ ಎದ್ದರು, ಕೆಂಪು ಧೂಳಾದ ಅಂಗೈಗಳನ್ನು ಧೋತರಕ್ಕೆ ಒರೆಸಿಕೊಂಡು, ಇನ್ನೂ ನಾಲ್ಕು ಇಟ್ಟಿಗೆ ತರಲು ರಸ್ತೆ ದಾಟಿದರು.