ಇಡೀ ಮಾತ್ರೆ

ಹೊಸ ಮಾತ್ರೆ ಶುರುವಾಗಿ ಎಂಟು ವಾರ ಕಳೆದರೂ ನಿಖಿತಾಳಿಗೆ ಮಲದಲ್ಲಿ ರಕ್ತ ಹೋಗುವುದು ನಿಂತಿರಲಿಲ್ಲ. ದೊಡ್ಡಕರುಳಿನ ಹುಣ್ಣಿಗೆ ದೊಡ್ಡವರು ನುಂಗುವ ಮಾತ್ರೆ ಮಕ್ಕಳಿಗೂ ಒಗ್ಗುತ್ತದೆಯೇ ಎಂದು ೨೦೦೭ರಲ್ಲಿ ನಡೆದ ಪರೀಕ್ಷೆಗೆ ಹತ್ತು ವರ್ಷದ ಆ ಹುಡುಗಿಯೂ ಸೇರಿದ್ದಳು. ಡಾಕ್ಟರ್ ಶ್ಯಾಮಸುಂದರ ಫೈಲು ಮುಚ್ಚಿದರು.

"ಈ ಔಷಧಿ ಇವಳಿಗೆ ಕೆಲಸ ಮಾಡ್ತಿಲ್ಲಮ್ಮ. ಮತ್ತೆ ಸ್ಟೀರಾಯ್ಡ್ ಶುರು ಮಾಡೋಣ."

ತಾಯಿ ವಿಜಯಶ್ರೀ ಮಗಳ ಮುಖ ನೋಡಿದಳು. ಹೋದ ವರ್ಷ ಸ್ಟೀರಾಯ್ಡಿನಿಂದ ಮುಖ ಊದಿಕೊಂಡು, ಶಾಲೆಗೆ ಹೋಗಲು ಒಪ್ಪದೆ ಮಗಳು ಗೋಡೆ ಕಡೆ ತಿರುಗಿ ಮಲಗಿದ್ದು ಕಣ್ಣಿಗೆ ಕಟ್ಟಿದಂತಿತ್ತು.

ಪಕ್ಕದಲ್ಲಿ ಅತ್ತೆ ಶಿವಕ್ಕ ಕೂತಿದ್ದರು. ಕೊಪ್ಪಳದ ಕಡೆಯವರು. ಹೊಸಹಳ್ಳಿಯ ಮಗನ ಮನೆಯಲ್ಲಿ ಹನ್ನೆರಡು ವರ್ಷದಿಂದ ಇದ್ದರೂ ಸೊಸೆಯೆದುರು ಒಂದು ದಿನವೂ ತಪ್ಪಾಯಿತು ಅಂದವರಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಅದು ಉಪ್ಪಿನ ತಪ್ಪು.

ಅಂಥ ಶಿವಕ್ಕ ಎದ್ದು ನಿಂತರು. "ಸಾಹೇಬ್ರ, ಔಷಧದ ತಪ್ಪಲ್ರಿ. ತಪ್ಪು ನಂದೈತಿ. ಕೂಸಿಗೆ ಗುಳಿಗಿ ನುಂಗಾಕ ಆಗಲಿಲ್ರಿ. ದಿನಾ ಎಲಿ ಅಡಿಕಿ ಕುಟ್ಟಾಣ್ಯಾಗ ಕುಟ್ಟಿ, ಬಾಳಿಹಣ್ಣಿನ್ಯಾಗ ಕಲಸಿ ಕೊಟ್ಟೀನಿ. ನನ್ನ ಸೊಸಿಗೆ ಗೊತ್ತಿಲ್ರಿ."

ವಿಜಯಶ್ರೀ ತಲೆ ತಗ್ಗಿಸಿದಳು. ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಓಡುವ ಅವಳು ದಿನಾ ಮಾತ್ರೆ ಕೊಟ್ಟಿದ್ದನ್ನು ಗುರುತು ಹಾಕಲು ಆಸ್ಪತ್ರೆಯವರು ಕೊಟ್ಟ ಡೈರಿಗೆ ಕಣ್ಣುಮುಚ್ಚಿ ಸಹಿ ಹಾಕಿದ್ದಳು.

"ಅವ್ರೊಬ್ರದೇ ತಪ್ಪಲ್ಲ ಸಾರ್. ಇಡಿಯಾಗೇ ನುಂಗಿಸ್ಬೇಕು ಅಂತ ನಾನು ಅವ್ರಿಗೆ ಹೇಳೇ ಇರ್ಲಿಲ್ಲ. ನೋಡ್ದೇನೇ ಸಹಿ ಹಾಕ್ದೆ."

ಡಾಕ್ಟರು ಮುಚ್ಚಿದ ಫೈಲನ್ನು ಮತ್ತೆ ತೆರೆದರು. "ಕುಟ್ಟಿದ್ರೆ ಮೇಲಿನ ಪದರ ಹೋಗಿ, ಹುಣ್ಣಿರೋ ಜಾಗ ತಲುಪೋ ಮುಂಚೇನೇ ಔಷಧಿ ಕರಗಿಬಿಡುತ್ತೆ. ಇನ್ನು ಇವಳನ್ನ ಪರೀಕ್ಷೆಯಲ್ಲಿ ಇಟ್ಕೊಳ್ಳೋಕಾಗಲ್ಲ. ಆದ್ರೆ ಇದೇ ಔಷಧಿ ಅಂಗಡೀಲಿ ಸಿಗುತ್ತೆ. ಸ್ಟೀರಾಯ್ಡ್ ಬೇಡ, ಎರಡು ವಾರ ಇಡೀ ಮಾತ್ರೆ ಕೊಟ್ಟು ನೋಡೋಣ." ಆಮೇಲೆ ಶಿವಕ್ಕನ ಕಡೆ ತಿರುಗಿದರು. "ನೀವು ಹೇಳ್ದೇ ಇದ್ದಿದ್ರೆ ಔಷಧೀನೇ ಸರಿಯಿಲ್ಲ ಅಂತ ಬರ್ಕೊಂಡು ಕೂತಿರ್ತಿದ್ವಿ, ಅಜ್ಜಿ."

ಪರೀಕ್ಷೆಯಲ್ಲಿದ್ದ ಮಿಕ್ಕ ಮಕ್ಕಳಿಗೂ ಮನೆಯಲ್ಲಿ ಮಾತ್ರೆ ಕೊಡುವವರು ಯಾರು, ಹೇಗೆ ಕೊಡುತ್ತಾರೆ ಎಂದು ಫೋನ್ ಮಾಡಿ ಕೇಳುವಂತೆ ನರ್ಸಿಗೆ ಹೇಳಿದರು.

ಸಂಜೆ ಮಾತ್ರೆ ನೋಡಿದ್ದೇ ನಿಖಿತಾ ಬಾಯಿ ಬಿಗಿದಳು. ಶಿವಕ್ಕ ಎದುರಿಗೆ ಕೂತು ತಮ್ಮ ಬಿ.ಪಿ. ಮಾತ್ರೆ ಕೈಗೆತ್ತಿಕೊಂಡರು. ಎಪ್ಪತ್ತು ವರ್ಷದಲ್ಲಿ ಅವರೂ ಒಂದು ಮಾತ್ರೆಯನ್ನೂ ಇಡಿಯಾಗಿ ನುಂಗಿದವರಲ್ಲ. ಗಂಟಲಲ್ಲಿ ಸಿಕ್ಕಿ ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. ಇನ್ನೊಂದು ಲೋಟ ನೀರು ಕುಡಿದು ಅಂತೂ ನುಂಗಿದರು. ಎಂಥ ಗಟ್ಟಿ ಹೆಂಗಸು ಇವರು ಎಂದು ವಿಜಯಶ್ರೀಗೆ ಹೆಮ್ಮೆಯಾಯಿತು.

"ಈಗ ನಿಂದು," ಅಂದರು ಶಿವಕ್ಕ.

"ಮೊದ್ಲು ಬಾಯಿ ತೆಗ್ದು ತೋರ್ಸು ಅಜ್ಜಿ."

ಶಿವಕ್ಕ ಬಾಯಿ ತೆರೆದು, ನಾಲಿಗೆಯನ್ನೂ ಎತ್ತಿ ತೋರಿಸಿದರು. ನಿಖಿತಾ ಬಗ್ಗಿ ನೋಡಿದಳು. ಆಮೇಲೆ ತನ್ನ ಮಾತ್ರೆ ನುಂಗಿದಳು.